ವಿದ್ಯಾರ್ಥಿಗಳ ಬಡಾವಣೆಯಲ್ಲಿ ಮಳಿಗೆ: ಸ್ಥಳದ ಆಯ್ಕೆ

ಕರ್ನಾಟಕದ ಹೊರಗೆ ನೆಲೆಸಿದ ಕನ್ನಡಿಗರಿಗೂ ಕಾಲೇಜುಗಳ ಆಸುಪಾಸಿನ ವ್ಯಾಪಾರಕ್ಕೂ ಹಳೆಯ ನಂಟಿದೆ. ಮುಂಬಯಿಯ ಮಾಟುಂಗಾದಲ್ಲಿ ರುಯಾ ಕಾಲೇಜು 1937ರಲ್ಲಿ, ಪೊದ್ದಾರ್ ಕಾಲೇಜು 1941ರಲ್ಲಿ ಆರಂಭವಾದವು. ಅದೇ ಬಡಾವಣೆಯ ರೈಲು ನಿಲ್ದಾಣದ ಬಳಿ 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತಲೆಯೆತ್ತಿತು. ಪುಣೆಯಲ್ಲಿ 1885ರಿಂದ ನಡೆದುಬಂದಿರುವ ಫರ್ಗ್ಯೂಸನ್ ಕಾಲೇಜಿನ ರಸ್ತೆಯಲ್ಲಿ, ಕರಾವಳಿ ಕರ್ನಾಟಕದಿಂದ ಬಂದ ಜಗನ್ನಾಥ ಶೆಟ್ಟಿಯವರು ಬೆಳೆಸಿದ ‘ವೈಶಾಲಿ’ ಮತ್ತು ‘ರೂಪಾಲಿ’ ಉಪಾಹಾರಗೃಹಗಳಲ್ಲಿ ಹಲವು ತಲೆಮಾರುಗಳ ವಿದ್ಯಾರ್ಥಿಗಳು ತಿಂಡಿ ತಿಂದಿದ್ದಾರೆ. ಇಂದು ಇದೇ ಹಾದಿಯಲ್ಲಿ ಖಾನಾವಳಿ, ಜೆರಾಕ್ಸ್ ಅಂಗಡಿ, ಓದುಕೋಣೆ, ಹಳೆಯ ಪುಸ್ತಕಗಳ ಮಳಿಗೆ, ಬಟ್ಟೆ ಒಗೆಯುವ ಕೇಂದ್ರ ಮುಂತಾದವನ್ನು ತೆರೆಯಲು ಅನೇಕರು ಮುಂದೆ ಬರುತ್ತಿದ್ದಾರೆ.

ಇಂತಹ ಉದ್ದಿಮೆಗಳಲ್ಲಿ ಹಲವು ತಪ್ಪುಗಳನ್ನು ನಡುವೆಯೇ ತಿದ್ದಿಕೊಳ್ಳಬಹುದು. ಅಡುಗೆಯವನು ಸರಿಯಿಲ್ಲದಿದ್ದರೆ ಬದಲಾಯಿಸಬಹುದು, ಬೆಲೆ ಹೆಚ್ಚಾಗಿದ್ದರೆ ಇಳಿಸಬಹುದು, ಫಲಕ ಕಾಣದಿದ್ದರೆ ಬೇರೆ ಬರೆಸಬಹುದು. ಸ್ಥಳವನ್ನು ಮಾತ್ರ ಹಾಗೆ ಬದಲಾಯಿಸಲಾಗದು. ಸಂಸಾರದ ಉಳಿತಾಯ, ಒಡವೆ ಅಡವಿಟ್ಟು ತಂದ ಹಣ, ಬ್ಯಾಂಕಿನ ಸಾಲ ಇವೆಲ್ಲವೂ ಠೇವಣಿಯ ಹಾಗೂ ಒಳಾಂಗಣ ಕೆಲಸದ ರೂಪದಲ್ಲಿ ನಾಲ್ಕು ಗೋಡೆಗಳೊಳಗೆ ಸೇರಿಹೋಗುತ್ತವೆ. ಆದುದರಿಂದ ಕರಾರಿಗೆ ಸಹಿ ಹಾಕುವ ಮೊದಲಿನ ಎರಡು-ಮೂರು ತಿಂಗಳ ಪರಿಶೀಲನೆಯನ್ನು ವ್ಯರ್ಥ ಕಾಲವೆಂದು ಭಾವಿಸಬಾರದು.

ಎಷ್ಟು ವಿದ್ಯಾರ್ಥಿಗಳು, ಎಲ್ಲಿಯ ವಿದ್ಯಾರ್ಥಿಗಳು?

ಮನೆಯ ಮಾಲೀಕರೂ ದಲ್ಲಾಳಿಗಳೂ ಮೊದಲು ಹೇಳುವ ಮಾತು, “ಇಲ್ಲಿ ಲಕ್ಷಗಟ್ಟಲೆ ವಿದ್ಯಾರ್ಥಿಗಳಿದ್ದಾರೆ” ಎಂಬುದು. ಈ ಮಾತು ಸುಳ್ಳಲ್ಲದಿದ್ದರೂ ವ್ಯಾಪಾರಿಗೆ ಉಪಯೋಗವಿಲ್ಲದ ಮಾತು. ನಮ್ಮ ದೇಶದ ಹಳೆಯ ವಿಶ್ವವಿದ್ಯಾಲಯಗಳು ಬಹುಮಟ್ಟಿಗೆ ಕಾಲೇಜುಗಳನ್ನು ಸಂಯೋಜನೆಗೊಳಿಸಿಕೊಂಡ ವಿಶ್ವವಿದ್ಯಾಲಯಗಳು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ವ್ಯಾಪ್ತಿ ಕೊಂಕಣದ ರತ್ನಾಗಿರಿ, ಸಿಂಧುದುರ್ಗಗಳವರೆಗೆ ಹಬ್ಬಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯಕ್ಕೆ ನಾಸಿಕ್ ಹಾಗೂ ಅಹಲ್ಯಾನಗರ ಜಿಲ್ಲೆಗಳ ಕಾಲೇಜುಗಳೂ ಸೇರಿವೆ. ರತ್ನಾಗಿರಿಯಲ್ಲಿ ಓದುವ ಹುಡುಗನು ಕಲಿನಾ ಆವರಣದ ಎದುರಿಗೆ ಬಂದು ಚಹಾ ಕುಡಿಯುವುದಿಲ್ಲವಷ್ಟೆ. ಆದ್ದರಿಂದ ವಿಶ್ವವಿದ್ಯಾಲಯದ ಒಟ್ಟು ಸಂಖ್ಯೆಯನ್ನು ಬದಿಗಿರಿಸಿ, ಮಳಿಗೆಯಿಂದ ಐದರಿಂದ ಏಳು ನಿಮಿಷ ನಡೆದು ತಲುಪಬಹುದಾದ ವಿಭಾಗಗಳು, ಕಾಲೇಜುಗಳು, ವಸತಿನಿಲಯಗಳು ಯಾವುವು, ಅವುಗಳಲ್ಲಿ ದಿನವೂ ಎಷ್ಟು ಮಂದಿ ಇರುತ್ತಾರೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಈ ದೃಷ್ಟಿಯಿಂದ ಒಂದೇ ವಿಶ್ವವಿದ್ಯಾಲಯದ ಎರಡು ಭಾಗಗಳು ಎರಡು ಬೇರೆ ಪೇಟೆಗಳಾಗಬಹುದು. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣದಲ್ಲಿ ಹಿಂದೂ, ಸೇಂಟ್ ಸ್ಟೀಫನ್ಸ್, ಹಂಸರಾಜ್, ರಾಮಜಸ್, ಕಿರೋಡಿಮಲ್, ಮಿರಾಂಡಾ ಹೌಸ್ ಮುಂತಾದ ಕಾಲೇಜುಗಳು ಒತ್ತಾಗಿ ಸೇರಿಕೊಂಡಿವೆ. ಅವುಗಳ ಬೆನ್ನಿಗೇ ಕಮಲಾನಗರದ ಪೇಟೆಯಿದೆ. ಅದೇ ವಿಶ್ವವಿದ್ಯಾಲಯದ ದಕ್ಷಿಣ ಭಾಗದ ಕಾಲೇಜುಗಳು ದೂರದೂರಕ್ಕೆ ಚದುರಿಕೊಂಡಿರುವುದರಿಂದ ಅಲ್ಲಿ ಪ್ರತಿಯೊಂದು ಕಾಲೇಜನ್ನೂ ಪ್ರತ್ಯೇಕವಾಗಿಯೇ ಪರಿಗಣಿಸಬೇಕಾಗುತ್ತದೆ. ಇನ್ನು ಆವರಣ ಅತಿ ವಿಶಾಲವಾಗಿದ್ದರೆ ಮತ್ತೊಂದು ತೊಡಕು. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣವು ಸುಮಾರು 2,300 ಎಕರೆ. ಅಲ್ಲಿಯ ವಸತಿನಿಲಯದಿಂದ ಹೆಬ್ಬಾಗಿಲಿಗೆ ಬರುವುದೇ ಒಂದು ಪ್ರಯಾಣ. ಒಳಗೇ ಊಟ, ತಿಂಡಿ, ಅಂಗಡಿಗಳಿರುವಾಗ ಗೇಟಿನ ಹೊರಗಿನ ಮಳಿಗೆಗೆ ವಿದ್ಯಾರ್ಥಿ ಪ್ರತಿದಿನವೂ ಬರುವನೆಂದು ನಂಬಿ ಬಾಡಿಗೆ ನೀಡುವುದು ವಿವೇಕವಲ್ಲ. ಅಂತಹ ಕಡೆ ನಿಜವಾದ ಗಿರಾಕಿಗಳು ಸುತ್ತಲಿನ ಕಚೇರಿಗಳ ನೌಕರರಾಗಿರಬಹುದು.

ವಿದ್ಯಾರ್ಥಿಗಳಲ್ಲಿಯೂ ಬಗೆಗಳುಂಟು. ಮನೆಯಿಂದ ಬಂದು ಹೋಗುವವನು ಬೆಳಿಗ್ಗೆ ಧಾವಿಸಿ ಬಂದು ಸಂಜೆ ಬಸ್ಸು ಅಥವಾ ಲೋಕಲ್ ರೈಲು ಹಿಡಿಯುತ್ತಾನೆ. ಅವನ ಖರ್ಚು ಮಧ್ಯಾಹ್ನದ ತಿಂಡಿಗೆ, ಜೆರಾಕ್ಸಿಗೆ, ಮೊಬೈಲ್ ರಿಪೇರಿಗೆ. ಕಾಲೇಜು ವಸತಿನಿಲಯದಲ್ಲಿರುವವನಿಗೆ ಊಟ ಅಲ್ಲಿಯೇ ದೊರೆಯುವುದರಿಂದ ರಾತ್ರಿ ಒಂಬತ್ತರ ನಂತರದ ಚಹಾ, ಆಮ್ಲೆಟ್, ಮ್ಯಾಗಿ ಇವುಗಳ ಗಿರಾಕಿ ಅವನು. ಖಾಸಗಿ ಪಿ.ಜಿ. ಮನೆಗಳಲ್ಲಿರುವವರಿಗೆ ತಿಂಗಳ ಲೆಕ್ಕದ ಊಟ, ಬಟ್ಟೆ ಒಗೆತ, ದಿನಸಿ, ಔಷಧ ಎಲ್ಲವೂ ಬೇಕು. ಈ ಮೂವರಿಗಿಂತ ಬೇರೆಯಾದ ನಾಲ್ಕನೆಯ ವರ್ಗವೊಂದು ಈಚಿನ ದಶಕಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಅದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವವರ ವರ್ಗ. ದೆಹಲಿಯ ಮುಖರ್ಜಿ ನಗರ ಮತ್ತು ಹಳೆಯ ರಾಜಿಂದರ್ ನಗರ, ಪುಣೆಯ ಸದಾಶಿವ ಪೇಠೆ, ಹೈದರಾಬಾದಿನ ಅಶೋಕನಗರ ಇವೆಲ್ಲ ಇಂತಹವರ ಬಡಾವಣೆಗಳು. ಇವರಿಗೆ ಕಾಲೇಜಿನ ರಜೆಯಿಲ್ಲ. ಬೇಸಿಗೆಯಲ್ಲಿಯೂ ಊರಿಗೆ ಹೋಗದೆ ಓದುತ್ತಾರೆ. ಖಾನಾವಳಿ ನಡೆಸುವವರಿಗೆ ಇದು ಬಹುಮುಖ್ಯವಾದ ವ್ಯತ್ಯಾಸ. ಆದರೆ ಇವರ ಕೈ ಬಿಗಿ. ಮನೆಯಿಂದ ಬರುವ ಹಣ ನಿಗದಿಯಾಗಿರುವುದರಿಂದ ಊಟದ ಬೆಲೆ ಹತ್ತು ರೂಪಾಯಿ ಏರಿದರೂ ಪಕ್ಕದ ಬೀದಿಗೆ ಹೋಗುತ್ತಾರೆ.

ಹನ್ನೆರಡು ತಿಂಗಳ ಬಾಡಿಗೆ, ಆರು ತಿಂಗಳ ವ್ಯಾಪಾರ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳಂತೆ ವರ್ಷದಲ್ಲಿ ಕನಿಷ್ಠ 30 ವಾರಗಳು, ಅಂದರೆ 180 ದಿನಗಳು ಬೋಧನೆ ನಡೆಯಬೇಕು. ಉಳಿದದ್ದು ಪ್ರವೇಶ, ಪರೀಕ್ಷೆ, ಹಬ್ಬ, ರಜೆಗಳಲ್ಲಿ ಕಳೆಯುತ್ತದೆ. ಬಾಡಿಗೆಯಾದರೋ 365 ದಿನವೂ ಓಡುತ್ತದೆ. ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಚಿಕ್ಕ ಉಪಾಹಾರ ಮಳಿಗೆಯ ಬಾಡಿಗೆ ತಿಂಗಳಿಗೆ 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಅದು 3,60,000 ರೂಪಾಯಿ. ಸಾಮಾನು, ಗ್ಯಾಸ್, ಕೂಲಿಗಳ ವೆಚ್ಚ ಕಳೆದು ಒಬ್ಬ ಗಿರಾಕಿಯಿಂದ ಸರಾಸರಿ 12 ರೂಪಾಯಿ ಉಳಿಯುತ್ತದೆಂದಾದರೆ, ವರ್ಷದಲ್ಲಿ 300 ದಿನ ವ್ಯಾಪಾರ ನಡೆಯುವ ಕಡೆ ಬಾಡಿಗೆಯೊಂದಕ್ಕೇ ದಿನಕ್ಕೆ 100 ಗಿರಾಕಿಗಳು ಬೇಕು. ಕೇವಲ 180 ದಿನ ವ್ಯಾಪಾರವಿರುವ ಕಡೆಯಾದರೆ ಅದೇ ಬಾಡಿಗೆಗೆ ದಿನಕ್ಕೆ ಸುಮಾರು 167 ಗಿರಾಕಿಗಳು ಬೇಕಾಗುತ್ತಾರೆ. ಸಾಲದ ಕಂತು, ವಿದ್ಯುತ್ತು, ಮಾಲೀಕನ ಸ್ವಂತ ಮನೆವಾರ್ತೆ ಇವೆಲ್ಲ ಇದರ ಮೇಲಿನ ಮಾತು.

ಆದುದರಿಂದ ರಜೆಯ ತಿಂಗಳುಗಳಲ್ಲಿ ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಮಳಿಗೆಯನ್ನು ಎಷ್ಟು ಜನಜಂಗುಳಿಯಿದ್ದರೂ ಸಂಶಯದಿಂದಲೇ ನೋಡಬೇಕು. ಸುತ್ತಲೂ ಸಂಸಾರವಂದಿಗರ ಮನೆಗಳು, ಒಂದು ಆಸ್ಪತ್ರೆ, ಬ್ಯಾಂಕು, ಕಚೇರಿ ಇವುಗಳಲ್ಲಿ ಯಾವುದಾದರೂ ಇದ್ದರೆ ಆ ಸ್ಥಳ ರಜೆಯಲ್ಲಿಯೂ ಬದುಕುತ್ತದೆ. ಮಾಟುಂಗಾದ ಬಲವೂ ಅದೇ: ಅದು ಕಾಲೇಜುಗಳ ಬಡಾವಣೆ ಹೇಗೋ ಹಾಗೆಯೇ ದಕ್ಷಿಣ ಭಾರತೀಯ ಕುಟುಂಬಗಳ ಬಡಾವಣೆಯೂ ಆಗಿದೆ, ರೈಲು ನಿಲ್ದಾಣವೂ ಅಲ್ಲಿದೆ.

ವೇಳಾಪಟ್ಟಿಯೇ ಏರುಪೇರಾಗುವ ಸಂಭವವನ್ನೂ ಮರೆಯಬಾರದು. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ಮುಚ್ಚಿದ ದೆಹಲಿ ವಿಶ್ವವಿದ್ಯಾಲಯದ ತರಗತಿಗಳು ಎಲ್ಲ ವಿದ್ಯಾರ್ಥಿಗಳಿಗೂ ಪೂರ್ಣವಾಗಿ ತೆರೆದದ್ದು 2022ರ ಫೆಬ್ರವರಿಯಲ್ಲಿ. ಅದೇ ವರ್ಷ ಪ್ರವೇಶಕ್ಕೆ ಹೊಸ ಸಾಮಾನ್ಯ ಪರೀಕ್ಷೆ ಜಾರಿಗೆ ಬಂದುದರಿಂದ ಮೊದಲ ವರ್ಷದ ತರಗತಿಗಳು ನವೆಂಬರಿನಲ್ಲಿ ಆರಂಭವಾದವು. ಜುಲೈ ತಿಂಗಳ ಹೊಸ ಗಿರಾಕಿಗಳನ್ನೇ ನಂಬಿದ್ದ ಪಿ.ಜಿ. ಮನೆಗಳಿಗೂ ಖಾನಾವಳಿಗಳಿಗೂ ನಾಲ್ಕು ತಿಂಗಳ ಕಾಯುವಿಕೆ ಬಂದೊದಗಿತು. ಇಂತಹ ಸಂದರ್ಭಗಳಿಗಾಗಿ ಕನಿಷ್ಠ ನಾಲ್ಕು ತಿಂಗಳ ಬಾಡಿಗೆಯನ್ನು ಠೇವಣಿಯ ಹೊರತಾಗಿ ಕೈಯಲ್ಲಿ ಇರಿಸಿಕೊಳ್ಳುವುದು ಒಳಿತು. ಠೇವಣಿಯೆಂಬುದು ಮಾಲೀಕನ ಬಳಿಯಿರುವ ಹಣ. ಕಷ್ಟಕಾಲಕ್ಕೆ ಅದು ಒದಗುವುದಿಲ್ಲ.

ರಸ್ತೆಯ ಯಾವ ಬದಿ?

ಒಂದೇ ರಸ್ತೆಯ ಎರಡು ಬದಿಗಳಲ್ಲಿ ಬಾಡಿಗೆ ಒಂದೇ ಇದ್ದು ವ್ಯಾಪಾರ ಬೇರೆಯಾಗಿರುವುದನ್ನು ಎಲ್ಲ ನಗರಗಳಲ್ಲಿಯೂ ಕಾಣಬಹುದು. ಬೆಳಿಗ್ಗೆ ತರಗತಿಗೆ ಧಾವಿಸುವ ವಿದ್ಯಾರ್ಥಿ ನಿಲ್ಲುವುದಿಲ್ಲ. ಸಂಜೆ ಹಿಂದಿರುಗುವಾಗ ನಿಲ್ಲುತ್ತಾನೆ. ಆದುದರಿಂದ ಪುಸ್ತಕ, ಬಟ್ಟೆ, ತಿಂಡಿಯ ಅಂಗಡಿಗಳಿಗೆ ಕಾಲೇಜಿನಿಂದ ನಿಲ್ದಾಣಕ್ಕೆ ಹಿಂದಿರುಗುವ ಬದಿ ಮೇಲು. ಜೆರಾಕ್ಸ್ ಮತ್ತು ಲೇಖನ ಸಾಮಗ್ರಿಯ ಅಂಗಡಿಗೆ ಮಾತ್ರ ಗೇಟಿಗೆ ಅಂಟಿಕೊಂಡ ಸ್ಥಳವೇ ಬೇಕು, ಏಕೆಂದರೆ ಅಲ್ಲಿಯ ಗಿರಾಕಿಗೆ ತರಗತಿ ಆರಂಭವಾಗಲು ಹತ್ತೇ ನಿಮಿಷ ಉಳಿದಿರುತ್ತದೆ. ರಸ್ತೆಯ ನಡುವೆ ವಿಭಜಕವಿದ್ದು ದಾಟಲು ದೂರದ ಮೇಲ್ಸೇತುವೆಯವರೆಗೆ ನಡೆಯಬೇಕಾದರೆ, ಎದುರು ಬದಿಯ ಮಳಿಗೆ ಇಪ್ಪತ್ತು ಮೀಟರ್ ದೂರದಲ್ಲಿದ್ದರೂ ಅರ್ಧ ಕಿಲೋಮೀಟರ್ ದೂರದಲ್ಲಿದ್ದಂತೆಯೇ ಸರಿ.

ಹೆಬ್ಬಾಗಿಲು ಯಾವಾಗಲೂ ಮುಖ್ಯ ದಾರಿಯಾಗಿರುವುದಿಲ್ಲ. ಕಮಾನು, ಫಲಕ, ಪಹರೆಯವರು ಇರುವ ಗೇಟಿನಲ್ಲಿ ವಾಹನಗಳು ಓಡಾಡುತ್ತವೆ. ಹಿಂದಿನ ಸಣ್ಣ ಗೇಟಿನಲ್ಲಿ ವಿದ್ಯಾರ್ಥಿಗಳು ಓಡಾಡುತ್ತಾರೆ. ಆ ಸಣ್ಣ ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದನ್ನು ಪಹರೆಯವನನ್ನೇ ಕೇಳಿ ತಿಳಿಯಬೇಕು.

ಸಾರಿಗೆಯ ಹೊಸ ಸೌಕರ್ಯಗಳು ಈ ಹರಿವನ್ನು ಬದಲಿಸುತ್ತವೆ. ದೆಹಲಿಯ ಮೆಟ್ರೋ ರೈಲು 2004ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯ ನಿಲ್ದಾಣದವರೆಗೆ ಬಂದು ಅಲ್ಲಿಯೇ ಕೊನೆಗೊಂಡಿತು. 2009ರ ಫೆಬ್ರವರಿಯಲ್ಲಿ ಆ ಮಾರ್ಗವು ಮುಂದಕ್ಕೆ ಜಹಾಂಗೀರಪುರಿಯವರೆಗೆ ಬೆಳೆದಾಗ ನಡುವಿನ ಗುರು ತೇಗ್ ಬಹಾದುರ್ ನಗರಕ್ಕೂ ನಿಲ್ದಾಣ ದೊರೆಯಿತು. ಅದರ ಬಳಿಯ ಹಡ್ಸನ್ ಲೇನ್ ಇಂದು ಕಾಫಿಗೃಹಗಳ ಸಾಲಿಗೆ ಪ್ರಸಿದ್ಧವಾಗಿದೆ. ಮೆಟ್ರೋ ಬರುವ ಸುದ್ದಿ ಕೇಳಿಯೇ ಬಾಡಿಗೆಗೆ ಹಿಡಿಯುವವರು ಇನ್ನೊಂದು ಸಂಗತಿಯನ್ನೂ ಯೋಚಿಸಬೇಕು: ಕಾಮಗಾರಿ ನಡೆಯುವ ವರ್ಷಗಳಲ್ಲಿ ತಗಡಿನ ಬೇಲಿ ಮಳಿಗೆಯ ಮುಂದೆಯೇ ನಿಂತಿರುತ್ತದೆ. ಅಷ್ಟು ಕಾಲ ತಡೆಯಬಲ್ಲವರು ಮಾತ್ರ ಆ ಲಾಭವನ್ನು ಉಣ್ಣುತ್ತಾರೆ.

ಇದೆಲ್ಲವನ್ನೂ ಊಹೆಯಿಂದ ನಿರ್ಣಯಿಸದೆ ಎಣಿಸಿ ನೋಡುವುದು ಸಾಧ್ಯ. ಮಳಿಗೆಯ ಎದುರು ಒಂದು ಸಾಮಾನ್ಯ ಕೆಲಸದ ದಿನ, ಒಂದು ಶನಿವಾರ ಅಥವಾ ಭಾನುವಾರ, ಒಂದು ರಜೆಯ ದಿನ, ಹೀಗೆ ಮೂರು ದಿನ ಕುಳಿತರೆ ಸಾಕು. ಬೆಳಿಗ್ಗೆ 8ರಿಂದ 10, ಮಧ್ಯಾಹ್ನ 12ರಿಂದ 2, ಸಂಜೆ 4ರಿಂದ 6, ರಾತ್ರಿ 8ರಿಂದ 10, ಈ ಎಂಟು ಗಂಟೆಗಳಲ್ಲಿ ಎದುರಿನಿಂದ ಹಾದುಹೋದವರೆಷ್ಟು, ಅವರಲ್ಲಿ ವಿದ್ಯಾರ್ಥಿಗಳೆಷ್ಟು, ನೆರೆಯ ಅಂಗಡಿಯಲ್ಲಿ ನಿಂತವರೆಷ್ಟು, ಏನನ್ನಾದರೂ ಕೊಂಡು ಹೊರಬಂದವರೆಷ್ಟು ಎಂದು ಐದೈದರ ಗೀಟು ಹಾಕುತ್ತ ಗುರುತಿಸಬೇಕು. ಕೊನೆಯ ಸಂಖ್ಯೆಯೇ ಬೆಲೆಯುಳ್ಳದ್ದು. ಸಾವಿರ ಮಂದಿ ಹಾದುಹೋಗಿ ಇಪ್ಪತ್ತು ಮಂದಿ ಕೊಳ್ಳುವ ಬೀದಿಗಿಂತ ಇನ್ನೂರು ಮಂದಿ ಹಾದುಹೋಗಿ ಎಂಬತ್ತು ಮಂದಿ ಕೊಳ್ಳುವ ಓಣಿಗೆ ಬಾಡಿಗೆಯೂ ಕಡಿಮೆ, ಲಾಭವೂ ಹೆಚ್ಚು.

ಪ್ರತಿಸ್ಪರ್ಧಿಯ ಪಕ್ಕದಲ್ಲಿಯೋ, ದೂರದಲ್ಲಿಯೋ?

ಒಂದೇ ಬಗೆಯ ಅಂಗಡಿಗಳು ಒಂದೆಡೆ ಗುಂಪುಗೂಡುವುದೇಕೆ ಎಂಬ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ 1929ರ ಪ್ರಬಂಧವೊಂದರಲ್ಲಿ ವಿವೇಚಿಸಿದರು. ಉದ್ದನೆಯ ಬೀದಿಯೊಂದರಲ್ಲಿ ಒಂದೇ ಬಗೆಯ ಸರಕನ್ನು ಮಾರುವ ಇಬ್ಬರು ವ್ಯಾಪಾರಿಗಳು, ಹೆಚ್ಚು ಗಿರಾಕಿಗಳನ್ನು ಸೆಳೆಯುವ ಆಸೆಯಿಂದ, ಒಬ್ಬರ ಬಳಿಗೊಬ್ಬರು ಸರಿಯುತ್ತಾರೆಂಬುದು ಅವರ ವಾದದ ಸಾರ. ಆದರೆ ವಿದ್ಯಾರ್ಥಿಗಳ ಪೇಟೆಯಲ್ಲಿ ಇದಕ್ಕಿಂತ ಸರಳವಾದ ಕಾರಣವೂ ಇದೆ. ಹೈದರಾಬಾದಿನ ಕೋಠಿಯಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳು ಸಾಲಾಗಿರುವುದರಿಂದಲೇ ನಗರದ ಎಲ್ಲೆಡೆಯ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಾರೆ. ಒಂದು ಅಂಗಡಿಯಲ್ಲಿ ಸಿಗದ ಪುಸ್ತಕ ಮತ್ತೊಂದರಲ್ಲಿ ಸಿಕ್ಕೀತೆಂಬ ಭರವಸೆ ಅವರಿಗಿರುತ್ತದೆ. ದೆಹಲಿಯ ಉತ್ತರ ಆವರಣದ ಪಟೇಲ್ ಚೆಸ್ಟ್ ಪ್ರದೇಶದ ಜೆರಾಕ್ಸ್, ಟೈಪಿಂಗ್ ಮತ್ತು ಪ್ರಬಂಧ ಬೈಂಡಿಂಗ್ ಅಂಗಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹೋಲಿಸಿ ನೋಡಿ ಕೊಳ್ಳುವ ಸರಕಿಗೆ ಗುಂಪೇ ಒಳ್ಳೆಯದು. ಚಹಾ, ದಿನಸಿ, ಬಟ್ಟೆ ಒಗೆತ ಇವುಗಳಿಗೆ ಹಾಗಲ್ಲ; ಹತ್ತಿರದಲ್ಲಿ ಬೇರೊಂದು ಇಲ್ಲದಿರುವುದೇ ಅವುಗಳ ಬಂಡವಾಳ.

ಉಪಾಹಾರಗೃಹಕ್ಕೆ ಇನ್ನೊಂದು ಸಮಸ್ಯೆಯಿದೆ. ನಾಲ್ವರು ಗೆಳೆಯರು ಎರಡು ಚಹಾವನ್ನು ನಾಲ್ಕು ಮಾಡಿಕೊಂಡು ಎರಡು ಗಂಟೆ ಹರಟುವುದು ವಿದ್ಯಾರ್ಥಿ ಜೀವನದ ಹಕ್ಕೆಂದೇ ಬಹುಕಾಲದಿಂದ ಪರಿಗಣಿತವಾಗಿದೆ! ಅವರನ್ನು ಎಬ್ಬಿಸಿದರೆ ಅವರು ಮತ್ತೆ ಬರುವುದಿಲ್ಲ, ಎಬ್ಬಿಸದಿದ್ದರೆ ಮೇಜು ಬಿಡುವಾಗುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ದರ್ಶಿನಿ ಪದ್ಧತಿ, ಅಂದರೆ ನಿಂತು ತಿನ್ನುವ ವ್ಯವಸ್ಥೆ, ಇದಕ್ಕೆ ತಕ್ಕ ಪರಿಹಾರ. ಅದಕ್ಕೆ ಕಡಿಮೆ ಚದರಡಿ ಸಾಕು. ಆದರೆ ಮುಂದಿನ ಜಾಗ ಮಳಿಗೆಯ ಸ್ವಂತದ್ದಾಗಿರಬೇಕು. ನಗರಸಭೆಯ ಕಾಲುದಾರಿಯನ್ನೇ ನಂಬಿದ ದರ್ಶಿನಿಗೆ ತೆರವು ಕಾರ್ಯಾಚರಣೆಯ ಭಯ ತಪ್ಪದು.

ಕಾಗದಪತ್ರಗಳ ಪರಿಶೀಲನೆ

ಜನಪ್ರಿಯತೆಯೊಂದೇ ಸ್ಥಳವನ್ನು ಉಳಿಸುವುದಿಲ್ಲ ಎಂಬುದಕ್ಕೆ ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಉಪಾಹಾರಗೃಹ ಒಂದು ನಿದರ್ಶನ. ಉಡುಪಿ ಮೂಲದ ಕೆ. ಕೃಷ್ಣರಾಯರ ಸಂಸ್ಥೆಯು 1962ರಲ್ಲಿ ಕ್ಯಾಥೆಡ್ರಲ್ ರಸ್ತೆಯಲ್ಲಿ ಆರಂಭಿಸಿದ ಈ ಉಪಾಹಾರಗೃಹಕ್ಕೆ ಅದೇ ರಸ್ತೆಯ ಸ್ಟೆಲ್ಲಾ ಮಾರಿಸ್ ಕಾಲೇಜಿನ ವಿದ್ಯಾರ್ಥಿನಿಯರೂ, ನಗರದ ಬರಹಗಾರರೂ, ಕಚೇರಿಯವರೂ ಬರುತ್ತಿದ್ದರು. ಜಾಗ ಮಾತ್ರ ಗುತ್ತಿಗೆಯದು. ಅದನ್ನು ತಮಿಳುನಾಡು ಸರ್ಕಾರ ಹಿಂದಕ್ಕೆ ಪಡೆದುದರಿಂದ 2008ರಲ್ಲಿ ಉಪಾಹಾರಗೃಹ ಮುಚ್ಚಿತು. 2010ರಲ್ಲಿ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ತೆರೆಯಿತು. ಅಷ್ಟು ದೊಡ್ಡ ಸಂಸ್ಥೆಗೆ ಬೇರೆ ಶಾಖೆಗಳಿದ್ದವು. ಒಂದೇ ಮಳಿಗೆಯನ್ನು ನೆಚ್ಚಿದವರಿಗೆ ಇಂತಹ ಪೆಟ್ಟನ್ನು ತಾಳುವುದು ಕಷ್ಟ.

ಆದುದರಿಂದ ಜಾಗ ಯಾರದು, ಬಾಡಿಗೆಗೆ ಕೊಡುವವನಿಗೆ ಆ ಅಧಿಕಾರವಿದೆಯೇ, ಅವನೇ ಇನ್ನೊಬ್ಬರ ಬಾಡಿಗೆದಾರನೇ ಎಂಬುದನ್ನು ಮೊದಲು ನೋಡಬೇಕು. ಮುಂಬಯಿಯ ಹಳೆಯ ಪಗಡಿ ಮಳಿಗೆಗಳಲ್ಲಿ ಇದು ವಿಶೇಷವಾಗಿ ಅವಶ್ಯಕ. ಅಲ್ಲಿ ವಕೀಲರ ಸಲಹೆಯಿಲ್ಲದೆ ಹಣ ಕೊಡಬಾರದು. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸುವುದು ಕಡ್ಡಾಯ. ಇದನ್ನು ತಪ್ಪಿಸಿಕೊಳ್ಳಲೆಂದೇ ಹಲವೆಡೆ 11 ತಿಂಗಳ ಕರಾರು ಬರೆಯುವ ರೂಢಿ ಬಂದಿದೆ. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ‘ಲೀವ್ ಅಂಡ್ ಲೈಸೆನ್ಸ್’ ಕರಾರನ್ನು, ಅವಧಿ ಎಷ್ಟೇ ಇರಲಿ, ಬರಹದಲ್ಲಿ ಮಾಡಿ ನೋಂದಾಯಿಸಲೇಬೇಕು. ಒಲೆ, ಚಿಮಣಿ, ಪೀಠೋಪಕರಣಗಳಿಗೆ ಲಕ್ಷಗಟ್ಟಲೆ ಸುರಿಯುವವನಿಗೆ 11 ತಿಂಗಳ ಕರಾರು ಏತಕ್ಕೂ ಸಾಲದು. ಕನಿಷ್ಠ ಮೂರು ಶೈಕ್ಷಣಿಕ ವರ್ಷಗಳ ಅವಧಿ, ಆ ಅವಧಿಯಲ್ಲಿ ಬಾಡಿಗೆ ಏರಿಕೆಯ ಪ್ರಮಾಣ, ನಡುವೆ ಬಿಡಬೇಕಾದರೆ ನೀಡಬೇಕಾದ ಸೂಚನೆ ಇವು ಬರಹದಲ್ಲಿಯೇ ಇರಬೇಕು. ಸರ್ಕಾರದ ಆದೇಶದಿಂದ ವಿದ್ಯಾಸಂಸ್ಥೆ ಮುಚ್ಚಿದರೆ ಬಾಡಿಗೆ ಕಡಿಮೆಯಾಗುವ ಶರತ್ತೊಂದನ್ನು ಸೇರಿಸಲು ಮಾಲೀಕರು 2020ಕ್ಕೆ ಮೊದಲು ನಗುತ್ತಿದ್ದರು. ಈಗ ಕೇಳಿ ನೋಡುವುದರಲ್ಲಿ ತಪ್ಪಿಲ್ಲ.

ತೆರಿಗೆಯ ಭಾರವನ್ನೂ ಬಾಡಿಗೆಯೊಂದಿಗೇ ಕೂಡಿಸಬೇಕು. ವಾಣಿಜ್ಯ ಕಟ್ಟಡದ ಮಾಲೀಕನು ಸರಕು ಮತ್ತು ಸೇವಾ ತೆರಿಗೆಯಡಿ ನೋಂದಾಯಿತನಾಗಿದ್ದರೆ ಬಾಡಿಗೆಯ ಮೇಲೆ ಶೇಕಡಾ 18ರ ತೆರಿಗೆ ಬೀಳುತ್ತದೆ. 2024ರ ಅಕ್ಟೋಬರ್ 10ರಿಂದ, ಮಾಲೀಕ ನೋಂದಾಯಿತನಲ್ಲದಿದ್ದರೂ ಸಾಮಾನ್ಯ ಪದ್ಧತಿಯಡಿ ನೋಂದಾಯಿತನಾದ ಬಾಡಿಗೆದಾರನೇ ಅದನ್ನು ಕಟ್ಟಬೇಕಾಗಿದೆ. ಶೇಕಡಾ 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರಗೃಹಕ್ಕೆ ಈ ಮೊತ್ತವನ್ನು ವಜಾ ಮಾಡಿಕೊಳ್ಳುವ ಅವಕಾಶವಿಲ್ಲ. 30,000 ರೂಪಾಯಿಯ ಬಾಡಿಗೆ ಅದಕ್ಕೆ ವಾಸ್ತವವಾಗಿ 35,400 ರೂಪಾಯಿ.

ವಿಶ್ವವಿದ್ಯಾಲಯದ ಆವರಣದೊಳಗಿನ ಮಳಿಗೆಗಳನ್ನು ಸಾಮಾನ್ಯವಾಗಿ ಟೆಂಡರಿನ ಮೂಲಕ ನಿಗದಿತ ಅವಧಿಗೆ ನೀಡಲಾಗುತ್ತದೆ. ಅಲ್ಲಿ ಬಾಡಿಗೆ ಕಡಿಮೆಯಿರಬಹುದು, ಬೆಲೆಪಟ್ಟಿಯನ್ನು ಮಾತ್ರ ಸಂಸ್ಥೆಯೇ ನಿರ್ಧರಿಸುತ್ತದೆ. ಇಂತಹ ಒಂದು ಪರವಾನಗಿಯ ಅಂಗಡಿ ದೇಶದ ಗಮನವನ್ನೇ ಸೆಳೆದ ಸಂದರ್ಭವೂ ಉಂಟು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಪಠ್ಯಭಾಗಗಳ ಸಂಕಲನಗಳನ್ನು ನಕಲು ಮಾಡಿ ಮಾರುತ್ತಿದೆಯೆಂದು 2012ರಲ್ಲಿ ಮೂವರು ಅಂತರರಾಷ್ಟ್ರೀಯ ಪ್ರಕಾಶಕರು ದಾವೆ ಹೂಡಿದರು. ಬೋಧನೆಯ ಅಂಗವಾಗಿ ಮಾಡುವ ನಕಲಿಗೆ ಕೃತಿಸ್ವಾಮ್ಯ ಕಾಯಿದೆಯಲ್ಲಿ ವಿನಾಯಿತಿಯಿದೆಯೆಂದು 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಇಡೀ ಪುಸ್ತಕವನ್ನು ನಕಲು ಮಾಡಿ ಬೈಂಡ್ ಹಾಕಿ ಮಾರಲು ಇದರಿಂದ ಅನುಮತಿ ದೊರೆತಿದೆಯೆಂದು ಯಾರೂ ತಿಳಿಯಬಾರದು.

ಗೇಟಿನ ಬಳಿಯ ಚಿಕ್ಕ ಅಂಗಡಿಗಳ ಲೆಕ್ಕದಲ್ಲಿ ಬೀಡಿ, ಸಿಗರೇಟುಗಳ ಆದಾಯವನ್ನು ಸೇರಿಸುವ ಅಭ್ಯಾಸವಿದೆ. 2003ರ ತಂಬಾಕು ಉತ್ಪನ್ನಗಳ ಕಾಯಿದೆಯು ವಿದ್ಯಾಸಂಸ್ಥೆಯಿಂದ 100 ಗಜಗಳೊಳಗೆ ಅವುಗಳ ಮಾರಾಟವನ್ನು ನಿಷೇಧಿಸಿದೆ. ಈ ನಿಷೇಧ ಶಾಲೆಗಳಿಗೆ ಮಾತ್ರವಲ್ಲ, ಕಾಲೇಜು, ವಿಶ್ವವಿದ್ಯಾಲಯಗಳಿಗೂ ಅನ್ವಯಿಸುತ್ತದೆ. ಆ ಆದಾಯವಿಲ್ಲದೆ ನಡೆಯದ ಅಂಗಡಿಯನ್ನು ಅಲ್ಲಿ ತೆರೆಯದಿರುವುದೇ ಲೇಸು.

ನೆಲಮಾಳಿಗೆಯ ಓದುಕೋಣೆ

ಸ್ಪರ್ಧಾತ್ಮಕ ಪರೀಕ್ಷೆಯವರ ಬಡಾವಣೆಗಳಲ್ಲಿ ಗಂಟೆಯ ಅಥವಾ ತಿಂಗಳ ಶುಲ್ಕಕ್ಕೆ ಆಸನ ಒದಗಿಸುವ ಓದುಕೋಣೆಗಳು ಹೆಚ್ಚಾಗಿವೆ. ಅವಕ್ಕೆ ಬೀದಿಗೆ ತೆರೆದ ಮುಂಭಾಗ ಬೇಕಿಲ್ಲ, ಮೌನ ಬೇಕು, ಬಾಡಿಗೆ ಕಡಿಮೆಯಿರಬೇಕು. ಸಹಜವಾಗಿಯೇ ಕಣ್ಣು ನೆಲಮಾಳಿಗೆಯ ಮೇಲೆ ಬೀಳುತ್ತದೆ. ಆ ಆಯ್ಕೆಯ ಬೆಲೆ ಏನಾಗಬಹುದೆಂಬುದು 2024ರ ಜುಲೈ 27ರ ಸಂಜೆ ದೆಹಲಿಯ ಹಳೆಯ ರಾಜಿಂದರ್ ನಗರದಲ್ಲಿ ಗೋಚರವಾಯಿತು. ಮಳೆಯ ನೀರು ರಸ್ತೆಯಿಂದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ನುಗ್ಗಿತು. ಅಲ್ಲಿದ್ದ ಗ್ರಂಥಾಲಯದಲ್ಲಿ ಓದುತ್ತಿದ್ದ ಮೂವರು ಯುವಜನರು ಮುಳುಗಿ ಮಡಿದರು. ವಾಹನ ನಿಲುಗಡೆಗೂ ಸಾಮಾನು ಸಂಗ್ರಹಕ್ಕೂ ಅನುಮತಿಯಿದ್ದ ಜಾಗ ಅದು. ಅದಕ್ಕೆ ಒಂದು ವರ್ಷ ಮೊದಲು, 2023ರ ಜೂನ್ 15ರಂದು, ಮುಖರ್ಜಿ ನಗರದ ತರಬೇತಿ ಕೇಂದ್ರವಿದ್ದ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು ಮೆಟ್ಟಿಲು ಹೊಗೆಯಿಂದ ತುಂಬಿದಾಗ, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ, ತಂತಿ ಹಿಡಿದು ಇಳಿಯಬೇಕಾಯಿತು, ಹಲವರು ಗಾಯಗೊಂಡರು.

ಈ ಎರಡು ಘಟನೆಗಳ ನಂತರ ಸ್ಥಳದ ಆಯ್ಕೆಯನ್ನು ಬರಿಯ ಲಾಭನಷ್ಟದ ವಿಷಯವೆಂದು ಕಾಣುವಂತಿಲ್ಲ. ಹಣ ತೆತ್ತು ಬಂದು ಕುಳಿತವರು ಊರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಬಂದ ಮಕ್ಕಳು. ಮಂಜೂರಾದ ನಕ್ಷೆಯಲ್ಲಿ ಆ ಭಾಗಕ್ಕೆ ಯಾವ ಉಪಯೋಗ ನಮೂದಾಗಿದೆ, ಕಟ್ಟಡಕ್ಕೆ ಪೂರ್ಣತಾ ಪ್ರಮಾಣಪತ್ರವಿದೆಯೇ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಯಾವ ಉಪಯೋಗಕ್ಕೆ ದೊರೆತಿದೆ ಎಂಬುದನ್ನು ಮೂಲ ಕಾಗದಗಳಿಂದಲೇ ನೋಡಬೇಕು. “ಎಲ್ಲರೂ ಹೀಗೆಯೇ ನಡೆಸುತ್ತಿದ್ದಾರೆ” ಎಂಬ ಉತ್ತರವನ್ನು ಒಪ್ಪಬಾರದು. ಕಾಗದದ ಆಚೆಗೆ ಕಣ್ಣಿನಿಂದ ನೋಡಬೇಕಾದದ್ದೂ ಇದೆ: ಹೊರಬರಲು ಎರಡು ದಾರಿಗಳಿವೆಯೇ, ಮೆಟ್ಟಿಲ ಕೆಳಗೇ ವಿದ್ಯುತ್ ಮೀಟರುಗಳ ಸಾಲಿದೆಯೇ, ಕಿಟಕಿಗೆ ತೆಗೆಯಲಾಗದ ಕಬ್ಬಿಣದ ಸರಳುಗಳಿವೆಯೇ, ಬಾಗಿಲು ಬೆರಳಚ್ಚಿನ ಯಂತ್ರದಿಂದ ಮಾತ್ರ ತೆರೆಯುವಂತಹುದೇ, ವಿದ್ಯುತ್ತು ಹೋದರೆ ಅದು ತೆರೆಯುತ್ತದೆಯೇ? ಖಾನಾವಳಿಯಾದರೆ ಗ್ಯಾಸ್ ಸಿಲಿಂಡರುಗಳನ್ನು ಎಲ್ಲಿಡುವುದು, ಹೊಗೆ ಎಲ್ಲಿಗೆ ಹೋಗುವುದು, ಮೇಲಿನ ಮಹಡಿಯಲ್ಲಿ ಯಾರಿದ್ದಾರೆ ಎಂಬುದೂ ಸೇರುತ್ತದೆ. 2006ರ ಆಹಾರ ಸುರಕ್ಷತಾ ಕಾಯಿದೆಯಡಿಯ ನೋಂದಣಿ ಅಥವಾ ಪರವಾನಗಿ, ಆಯಾ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿಯ ನೋಂದಣಿ ಇವುಗಳನ್ನು ಪಡೆಯುವುದು ಕಷ್ಟವಲ್ಲ. ಕಟ್ಟಡದ ಉಪಯೋಗವೇ ಅಕ್ರಮವಾಗಿದ್ದರೆ ಮಾತ್ರ ಯಾವ ಪರವಾನಗಿಯೂ ಕಾಪಾಡದು.

ಬಾಗಿಲು ತೆರೆಯುವ ತಿಂಗಳು

ಬಂಡವಾಳಕ್ಕಾಗಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಬ್ಯಾಂಕುಗಳು 10 ಲಕ್ಷ ರೂಪಾಯಿಗಳವರೆಗೆ ಸಾಲ ನೀಡುತ್ತವೆ. ಹಿಂದಿನ ‘ತರುಣ್’ ವರ್ಗದ ಸಾಲವನ್ನು ಪೂರ್ಣವಾಗಿ ತೀರಿಸಿದವರಿಗೆ 2024ರಿಂದ ಈ ಮಿತಿ 20 ಲಕ್ಷ ರೂಪಾಯಿ. ಸಾಲದ ಅರ್ಜಿ, ಕರಾರು, ದುರಸ್ತಿ, ಪರವಾನಗಿ ಇವೆಲ್ಲಕ್ಕೂ ಸಮಯ ಹಿಡಿಯುವುದರಿಂದ ಅಂಗಡಿಯ ಪ್ರಾರಂಭವನ್ನು ಶೈಕ್ಷಣಿಕ ವರ್ಷಕ್ಕೆ ಹೊಂದಿಸಿಕೊಳ್ಳಬೇಕು. ಹೊಸದಾಗಿ ಊರಿಗೆ ಬಂದ ವಿದ್ಯಾರ್ಥಿ ಮೊದಲ ಹದಿನೈದು ದಿನಗಳಲ್ಲಿ ತನ್ನ ಖಾನಾವಳಿ, ತನ್ನ ಜೆರಾಕ್ಸ್ ಅಂಗಡಿ, ತನ್ನ ಚಹಾದ ಕಟ್ಟೆಯನ್ನು ಗೊತ್ತುಮಾಡಿಕೊಳ್ಳುತ್ತಾನೆ. ಅನಂತರ ಅವನನ್ನು ಅಲ್ಲಿಂದ ಕದಲಿಸುವುದು ಸುಲಭವಲ್ಲ. ಪ್ರವೇಶ ಆರಂಭವಾಗುವ ಹೊತ್ತಿಗೆ ಒಲೆ ಹೊತ್ತಿರಬೇಕು, ಫಲಕ ಮೇಲೇರಿರಬೇಕು.

ಹಳೆಯ ವ್ಯಾಪಾರಿಗಳು ಮಳಿಗೆ ಬಿಡುವುದು ಸಾಮಾನ್ಯವಾಗಿ ಬೇಸಿಗೆಯ ರಜೆಯ ಆರಂಭದಲ್ಲಿ. ಖಾಲಿ ಬಿದ್ದ ಮಳಿಗೆಯ ಮಾಲೀಕನು ಬಾಡಿಗೆಯನ್ನು ಇಳಿಸಲು ಆಗಲೇ ಸಿದ್ಧನಿರುತ್ತಾನೆ. ಜುಲೈಯಲ್ಲಿ ಅವನ ಮಾತೇ ಬೇರೆ. ದುರಸ್ತಿಯ ದಿನಗಳಿಗೆ ಬಾಡಿಗೆಯಿಲ್ಲದಂತೆ ಒಪ್ಪಿಸಿಕೊಳ್ಳಲೂ ಅದೇ ತಕ್ಕ ಸಮಯ. ಬೇಸಿಗೆಯಲ್ಲಿ ನೋಡಿದ ಮಳಿಗೆ ಮಳೆಗಾಲದಲ್ಲಿ ಹೇಗಿರುತ್ತದೆಂದು ತಿಳಿಯಬೇಕಾದರೆ ಹಿಂದಿನ ಬಾಡಿಗೆದಾರನನ್ನು ಹುಡುಕಿ ಮಾತನಾಡಿಸಬೇಕು, ಹಿಂಗೋಡೆಯ ಬುಡದಲ್ಲಿ ನೀರು ನಿಂತ ಗೆರೆಯಿದೆಯೇ ಎಂದು ನೋಡಬೇಕು. ಆ ಗೆರೆಯ ಮೇಲೆ ಹೊಸ ಸುಣ್ಣ ಬಳಿದಿದ್ದರೆ ಪಕ್ಕದ ಅಂಗಡಿಯ ಗೋಡೆಯನ್ನೂ ಒಮ್ಮೆ ನೋಡಬಹುದು.